‘ರೆಡ್ ಹೆರಿಂಗ್’ ಅಂದರೇನು, ಎಲ್ಲಿಂದ ಬಂತು? ನೀವೇ ಹುಡುಕಿ ತಿಳಿಯುವ ಕ್ರಮ

‘ರೆಡ್ ಹೆರಿಂಗ್’ ಅಂದರೇನು? ಈ ಪ್ರಶ್ನೆ ನನಗೆ ಮೂರು ಥರದ ಓದುಗರಿಂದ ಬರುತ್ತದೆ. ಬ್ಯಾಂಕ್ ಪರೀಕ್ಷೆಗೆ ಓದುವವರು ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿ ನೋಡಿ ಕೇಳುತ್ತಾರೆ. ಪತ್ತೇದಾರಿ ಕಾದಂಬರಿಯ ಹುಚ್ಚಿರುವವರು ಕೇಳುತ್ತಾರೆ. ಮೂರನೆಯವರು ಹೊಸದಾಗಿ ಷೇರು ಕೊಳ್ಳಲು ಹೊರಟವರು. ‘ಕಂಪನಿಯ ದಾಖಲೆಯಲ್ಲಿ ಮೀನಿನ ಹೆಸರು ಯಾಕಿದೆ ಸ್ವಾಮಿ?’ ಅನ್ನುವುದು ಅವರ ಗೋಳು. ಮೂವರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದುಬಿಡುತ್ತೇನೆ.

ಮೊದಲು ಚಿಕ್ಕ ಉತ್ತರ. ಅಸಲು ವಿಷಯದಿಂದ ನಮ್ಮ ಗಮನವನ್ನು ಬೇರೆ ಕಡೆ ಎಳೆಯುವ ಮಾತು ಅಥವಾ ಸುಳಿವೇ ರೆಡ್ ಹೆರಿಂಗ್. ನಾಳೆಯೇ ಪರೀಕ್ಷೆ ಇದ್ದರೆ ಇಷ್ಟು ಸಾಕು, ಮಲಗಿ. ಪುರುಸೊತ್ತು ಇದ್ದರೆ ಮುಂದೆ ಓದಿ. ಯಾಕೆಂದರೆ ಈ ಮಾತಿನ ಹುಟ್ಟಿನ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಕಥೆಗಳು ಕೇಳಲು ಚೆಂದ, ಆದರೆ ನಂಬುವ ಹಾಗಿಲ್ಲ. ಇಂಗ್ಲಿಷಿನ ಪ್ರಾಣಿ ನುಡಿಗಟ್ಟುಗಳಲ್ಲಿ ಬಹುಪಾಲು ಇದೇ ಪಾಡು. ಒಂದನ್ನು ಸರಿಯಾಗಿ ಹುಡುಕುವುದು ಕಲಿತರೆ ಉಳಿದವನ್ನು ನೀವೇ ನೋಡಿಕೊಳ್ಳಬಹುದು.

ಏನೇನು ಬೇಕು?

ಇಂಟರ್ನೆಟ್ ಇರುವ ಫೋನ್ ಅಥವಾ ಕಂಪ್ಯೂಟರ್. ಬರೆದುಕೊಳ್ಳಲು ಒಂದು ಹಾಳೆ. ದುಡ್ಡು ಕೊಡಬೇಕಾಗಿಲ್ಲ. ಗೂಗಲ್ ಬುಕ್ಸ್, ಇಂಟರ್ನೆಟ್ ಆರ್ಕೈವ್, ‘ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ’ ಎಂಬ ಪದಮೂಲ ನಿಘಂಟು, ಈ ಮೂರೂ ಉಚಿತ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಪ್ರತಿ ಪದದ ಹಳೆಯ ಬಳಕೆಗಳನ್ನು ಇಸವಿ ಸಮೇತ ಕೊಡುತ್ತದೆ. ಅದರ ಆನ್‌ಲೈನ್ ಆವೃತ್ತಿಗೆ ಚಂದಾ ಕಟ್ಟಬೇಕು, ಆದ್ದರಿಂದ ಹತ್ತಿರದ ಕಾಲೇಜು ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಹಂತ 1: ನುಡಿಗಟ್ಟನ್ನು ಬಿಡಿ, ಪ್ರಾಣಿಯನ್ನು ನೋಡಿ

ಎಲ್ಲರೂ ನೇರವಾಗಿ ಅರ್ಥಕ್ಕೆ ಹಾರುತ್ತಾರೆ. ಮೊದಲು ಮೀನು ಯಾವುದು ಅಂತ ತಿಳಿಯಬೇಕು.

ಹೆರಿಂಗ್ ಉತ್ತರ ಅಟ್ಲಾಂಟಿಕ್ ಸಾಗರದ ಮೀನು. ದೊಡ್ಡ ದೊಡ್ಡ ಹಿಂಡುಗಳಲ್ಲಿ ಓಡಾಡುತ್ತದೆ. ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ. ಮೈ ಬೆಳ್ಳಿ ಬಣ್ಣ. ಕೆಂಪು ಹೆರಿಂಗ್ ಎಂಬ ಜಾತಿಯ ಮೀನೇ ಇಲ್ಲ. ಹೆರಿಂಗ್ ಅನ್ನು ಚೆನ್ನಾಗಿ ಉಪ್ಪು ಹಿಡಿಸಿ, ಕಟ್ಟಿಗೆ ಹೊಗೆಯಲ್ಲಿ ದಿನಗಟ್ಟಲೆ ತೂಗುಹಾಕಿದರೆ ಅದು ಒಣಗಿ ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆ, ನಾತವೂ ಜೋರಾಗುತ್ತದೆ. ಅದೇ ರೆಡ್ ಹೆರಿಂಗ್. ಹೊಗೆ ತೋರಿಸದೆ ಬರೀ ಉಪ್ಪು ಹಾಕಿಟ್ಟದ್ದು ವೈಟ್ ಹೆರಿಂಗ್. ಫ್ರಿಜ್ ಇಲ್ಲದ ಕಾಲದಲ್ಲಿ ಮೀನು ತಿಂಗಳುಗಟ್ಟಲೆ ಕೆಡದ ಹಾಗೆ ಇಡಲು ಇದೇ ಉಪಾಯ. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಕ್ರೈಸ್ತರು ಮಾಂಸ ಬಿಡುತ್ತಿದ್ದರು, ಮೀನು ತಿನ್ನಬಹುದಿತ್ತು. ಹಾಗಾಗಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್ ಊರು ಈ ಮೀನಿನಿಂದಲೇ ಬದುಕು ಕಟ್ಟಿಕೊಂಡಿತ್ತು. 1599ರಲ್ಲಿ ಥಾಮಸ್ ನ್ಯಾಶ್ ಎಂಬ ಲೇಖಕ ಯಾರ್ಮತ್ ಊರನ್ನೂ ಅದರ ಕೆಂಪು ಮೀನನ್ನೂ ಹೊಗಳಲಿಕ್ಕೆಂದೇ ಒಂದು ಪುಸ್ತಕ ಬರೆದ. ಈ ನ್ಯಾಶ್‌ನನ್ನು ನೆನಪಿಡಿ, ಐದನೇ ಹಂತದಲ್ಲಿ ಬೇಕಾಗುತ್ತಾನೆ.

ಎಚ್ಚರಿಕೆ: ಹಳೆಯ ಪುಸ್ತಕದಲ್ಲಿ ರೆಡ್ ಹೆರಿಂಗ್ ಎಂಬ ಪದ ಸಿಕ್ಕಿತು ಅಂತ ಕುಣಿಯಬೇಡಿ. ಅಲ್ಲಿ ಅದು ಸುಮ್ನೆ ಮೀನಾಗಿರಬಹುದು. 1546ರ ಒಂದು ಗಾದೆ ಸಂಗ್ರಹದಲ್ಲಿ ‘ಮೀನೂ ಅಲ್ಲ, ಮಾಂಸವೂ ಅಲ್ಲ, ಒಳ್ಳೆ ರೆಡ್ ಹೆರಿಂಗೂ ಅಲ್ಲ’ ಎಂಬ ಮಾತಿದೆ. ಅದರ ಅರ್ಥ ನಮ್ಮ ‘ಎಡಬಿಡಂಗಿ’ಗೆ ಹತ್ತಿರ. ಗಮನ ತಿರುಗಿಸುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹಂತ 2: ಇವತ್ತಿನ ಅರ್ಥವನ್ನು ಬಳಕೆಯಲ್ಲಿ ನೋಡಿ

ನಿಘಂಟಿನ ಒಂದು ಸಾಲು ಉರು ಹೊಡೆದರೆ ಪ್ರಯೋಜನ ಕಡಿಮೆ. ಈ ಮಾತು ಮೂರು ಕಡೆ ಬಳಕೆಯಲ್ಲಿದೆ.

ಒಂದು, ವಾದದಲ್ಲಿ. ಈ ಮಾತುಕತೆ ನೋಡಿ:

‘ನಮ್ಮ ಬೀದಿಯ ಗುಂಡಿ ಯಾವಾಗ ಮುಚ್ಚಿಸುತ್ತೀರಿ ಸಾರ್?’

‘ನೋಡೀಮ್ಮ, ಹಿಂದಿನವರು ಇದ್ದಾಗ ಈ ಏರಿಯಾಗೆ ನೀರೇ ಬರುತ್ತಿರಲಿಲ್ಲ. ಈಗ ದಿನಾ ಬರುತ್ತಿದೆ, ಅಲ್ವಾ?’

ನೀರಿನ ಮಾತು ನಿಜವೇ ಇರಬಹುದು. ಆದರೆ ಕೇಳಿದ್ದು ಗುಂಡಿಯ ಬಗ್ಗೆ. ಆಯಮ್ಮ ‘ಹೌದು ಸಾರ್, ನೀರು ಬರುತ್ತಿದೆ’ ಅಂದ ತಕ್ಷಣ ಗುಂಡಿಯ ಮಾತು ಅಲ್ಲಿಗೆ ಮುಗಿಯಿತು. ಇದು ಅಪ್ಪಟ ರೆಡ್ ಹೆರಿಂಗ್. ಜಾಸ್ತಿ ಜನ ಎಡವುವುದೂ ಇಲ್ಲೇ: ರೆಡ್ ಹೆರಿಂಗ್ ಅಂದರೆ ಸುಳ್ಳು ಅಂದುಕೊಳ್ಳುತ್ತಾರೆ. ಸುಳ್ಳಾಗಿರಬೇಕಾಗಿಲ್ಲ. ಹೇಳಿದ್ದು ನಿಜವೋ ಸುಳ್ಳೋ ಅಂತ ನೋಡಬೇಡಿ, ಕೇಳಿದ್ದಕ್ಕೆ ಅದು ಸಂಬಂಧಪಟ್ಟಿದೆಯೋ ಇಲ್ಲವೋ ಅಂತ ನೋಡಿ.

ಎರಡು, ಪತ್ತೇದಾರಿ ಕಥೆಗಳಲ್ಲಿ. ಓದುಗರು ತಪ್ಪು ವ್ಯಕ್ತಿಯ ಮೇಲೆ ಅನುಮಾನ ಪಡಲಿ ಅಂತ ಲೇಖಕರು ಬೇಕಂತಲೇ ಇಡುವ ಸುಳಿವಿಗೂ, ಹಾಗೆ ಅನುಮಾನಕ್ಕೆ ಸಿಕ್ಕಿಬೀಳುವ ಪಾತ್ರಕ್ಕೂ ಇದೇ ಹೆಸರು. ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ 1931ರಲ್ಲಿ ಬರೆದ ಒಂದು ಕಾದಂಬರಿಯಲ್ಲಿ ಆರು ಮಂದಿಯ ಮೇಲೆ ಅನುಮಾನ. ಅವರಲ್ಲಿ ಐವರು ರೆಡ್ ಹೆರಿಂಗ್‌ಗಳು ಅನ್ನುವುದನ್ನು ಪುಸ್ತಕದ ಹೆಸರೇ ಹೇಳಿಬಿಡುತ್ತದೆ. ಆದರೂ ಕೊನೆಯವರೆಗೆ ಓದಿಸಿಕೊಂಡು ಹೋಗುತ್ತದೆ.

ಮೂರು, ಷೇರುಪೇಟೆಯಲ್ಲಿ. ಇಲ್ಲಿ ಅರ್ಥ ಪೂರ್ತಿ ಬೇರೆ. ಕಂಪನಿಯೊಂದು ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದನ್ನು ಐಪಿಒ ಅನ್ನುತ್ತಾರೆ. ಅದಕ್ಕೆ ಮುಂಚೆ ತನ್ನ ವ್ಯವಹಾರ, ಸಾಲ, ಕೋರ್ಟ್ ಕೇಸುಗಳು, ಅಪಾಯಗಳು ಎಲ್ಲವನ್ನೂ ಬರೆದು ಒಂದು ದಾಖಲೆ ಹೊರಡಿಸಬೇಕು. ಅದೇ ಪ್ರಾಸ್ಪೆಕ್ಟಸ್. ಇದರ ಕರಡು ಮೊದಲು ಷೇರುಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿಗೆ ಹೋಗುತ್ತದೆ. ಆಮೇಲೆ ಬರುವುದು ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್. ನಮ್ಮ 2013ರ ಕಂಪನಿ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ, ಎಷ್ಟು ಷೇರು, ಯಾವ ಬೆಲೆ ಎಂಬ ವಿವರ ಪೂರ್ತಿಯಾಗಿ ಇಲ್ಲದ ಪ್ರಾಸ್ಪೆಕ್ಟಸ್‌ಗೆ ಈ ಹೆಸರು. ಷೇರಿಗೆ ಅರ್ಜಿ ಹಾಕುವುದು ಶುರುವಾಗುವ ಕನಿಷ್ಠ 3 ದಿನ ಮುಂಚೆ ಇದನ್ನು ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. 2024ರಲ್ಲಿ ಪೇಟೆಗೆ ಬಂದ ಬೆಂಗಳೂರಿನ ಓಲಾ ಎಲೆಕ್ಟ್ರಿಕ್, ಸ್ವಿಗ್ಗಿ ಕಂಪನಿಗಳೂ ಇದೇ ದಾರಿಯಲ್ಲಿ ಬಂದವು.

ಹೆಸರು ಬಂದದ್ದು ಅಮೆರಿಕದಿಂದ. ಅಲ್ಲಿ ಇಂಥ ದಾಖಲೆಯ ಮುಖಪುಟದಲ್ಲಿ ‘ಇದು ಇನ್ನೂ ಅಂತಿಮವಲ್ಲ, ಇದರ ಆಧಾರದಲ್ಲಿ ಷೇರು ಮಾರುವ ಹಾಗಿಲ್ಲ’ ಎಂಬರ್ಥದ ಎಚ್ಚರಿಕೆಯನ್ನು ಕೆಂಪು ಶಾಯಿಯಲ್ಲಿ ಮುದ್ರಿಸುತ್ತಿದ್ದರು.

ಎಚ್ಚರಿಕೆ: ರೆಡ್ ಹೆರಿಂಗ್ ಅಂತ ಹೆಸರಿದೆ, ಅಂದರೆ ಕಂಪನಿ ಏನೋ ಮುಚ್ಚಿಡುತ್ತಿದೆ ಅಂತ ತೀರ್ಮಾನಿಸಬೇಡಿ. ಒಳ್ಳೆ ಕಂಪನಿಯಾಗಲಿ, ಕೆಟ್ಟ ಕಂಪನಿಯಾಗಲಿ, ದಾಖಲೆಯ ಹೆಸರು ಅದೇ. ಅದರಲ್ಲಿರುವ ಅಪಾಯಗಳ ಅಧ್ಯಾಯ ಓದಿ, ಹೆಸರು ನೋಡಿ ಹೆದರಬೇಡಿ.

ಹಂತ 3: ಓಡಾಡುತ್ತಿರುವ ಹುಟ್ಟುಕಥೆಗಳನ್ನೆಲ್ಲ ಬರೆದುಕೊಳ್ಳಿ

ಒಂದೇ ಕಥೆ ಓದಿ ನಿಲ್ಲಿಸಬೇಡಿ. ಹುಡುಕಿದರೆ ಮೂರ್ನಾಲ್ಕು ಸಿಗುತ್ತವೆ. ಅವು ಒಂದಕ್ಕೊಂದು ಜಗಳ ಆಡುವುದನ್ನು ನೋಡಬೇಕು.

ಮೊದಲ ಕಥೆ: ಜೈಲಿನಿಂದ ತಪ್ಪಿಸಿಕೊಂಡ ಕೈದಿಗಳು ಬೆನ್ನಟ್ಟಿ ಬರುವ ನಾಯಿಗಳ ಮೂಗು ಕೆಡಿಸಲು ಈ ಮೀನು ಎಸೆಯುತ್ತಿದ್ದರು. ಎರಡನೇ ಕಥೆ: ನರಿ ಬೇಟೆಯನ್ನು ವಿರೋಧಿಸುವವರು ಬೇಟೆನಾಯಿಗಳ ದಾರಿಗೆ ಅಡ್ಡವಾಗಿ ಮೀನು ಎಳೆದುಕೊಂಡು ಹೋಗುತ್ತಿದ್ದರು. ಮೂರನೇ ಕಥೆ: ಬೇರೆ ವಾಸನೆಗೆ ಮರುಳಾಗದಂತೆ ಬೇಟೆನಾಯಿಗಳಿಗೆ ಈ ಮೀನು ಬಳಸಿ ತರಬೇತಿ ಕೊಡುತ್ತಿದ್ದರು.

ಒಂದೊಂದರ ಪಕ್ಕದಲ್ಲೂ ಮೂರು ಪ್ರಶ್ನೆ ಬರೆಯಿರಿ. ಯಾವ ಇಸವಿ? ಯಾವ ಊರು? ಯಾವ ಪುಸ್ತಕ? ಉತ್ತರ ಇಲ್ಲದ ಕಥೆಯ ಮುಂದೆ ದೊಡ್ಡ ಸೊನ್ನೆ ಹಾಕಿ. ‘ಹಿಂದಿನ ಕಾಲದಲ್ಲಿ’ ಅಂತ ಶುರುವಾಗುವ ಪದಮೂಲದ ಕಥೆಗೆ ನಾನು ಕಿವಿ ಕೊಡುವುದೇ ಇಲ್ಲ.

ಹಂತ 4: ಹಳೆಯ ಮುದ್ರಿತ ಬಳಕೆ ಹುಡುಕಿ

ಗೂಗಲ್ ಬುಕ್ಸ್ ತೆರೆದು ನುಡಿಗಟ್ಟನ್ನು ಉದ್ಧರಣ ಚಿಹ್ನೆಯ ಒಳಗೆ ಟೈಪ್ ಮಾಡಿ. ಚಿಹ್ನೆ ಇಲ್ಲದಿದ್ದರೆ ಕೆಂಪು ಎಲ್ಲೋ, ಹೆರಿಂಗ್ ಎಲ್ಲೋ ಇರುವ ಪುಟಗಳೆಲ್ಲ ಬಂದು ತಲೆ ತಿನ್ನುತ್ತವೆ. ಆಮೇಲೆ ಕಾಲದ ಮಿತಿ ಹಾಕಿ. ಮೊದಲು 1900ಕ್ಕಿಂತ ಹಿಂದೆ, ಸಿಕ್ಕರೆ 1850ಕ್ಕಿಂತ ಹಿಂದೆ, ಹೀಗೆ ಇಳಿಯುತ್ತಾ ಹೋಗಿ. ಏನೂ ಸಿಗದ ಜಾಗಕ್ಕೆ ಬಂದಾಗ ಪದಮೂಲ ನಿಘಂಟಿನಲ್ಲಿ ಕೊಟ್ಟ ಇಸವಿಯ ಜೊತೆ ಹೋಲಿಸಿ.

ಇಲ್ಲಿ ಕಾಲು ಜಾರುವ ಜಾಗಗಳು ಬಹಳ.

ಗೂಗಲ್ ಬುಕ್ಸ್ ತೋರಿಸುವ ಇಸವಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಪತ್ರಿಕೆಗಳ ವಿಷಯದಲ್ಲಿ ಎಷ್ಟೋ ಸಲ ಮೊದಲ ಸಂಚಿಕೆ ಬಂದ ವರ್ಷವನ್ನೇ ಎಲ್ಲ ಸಂಚಿಕೆಗೂ ಅಂಟಿಸಿರುತ್ತಾರೆ. ಪುಸ್ತಕದ ಮುಖಪುಟ ತೆರೆದು ಅಲ್ಲಿ ಅಚ್ಚಾಗಿರುವ ವರ್ಷ ನೋಡಿ. ಪುಟದ ಚೂರು ಮಾತ್ರ ತೋರಿಸುತ್ತಿದ್ದರೆ ಅದೇ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಪೂರ್ತಿ ಇದೆಯೇ ಅಂತ ಹುಡುಕಿ.

ಕಾಗುಣಿತದ ಕಾಟ ಬೇರೆ. 1600ರ ಆಸುಪಾಸಿನಲ್ಲಿ ‘ರೆಡ್’ ಪದಕ್ಕೆ ಎರಡು ಡಿ, ಕೊನೆಗೊಂದು ಇ ಸೇರಿಸಿ ಬರೆದದ್ದೂ ಉಂಟು. ಅಲ್ಲದೆ 1800ರವರೆಗೆ ಇಂಗ್ಲಿಷ್ ಅಚ್ಚಿನಲ್ಲಿ ಎಸ್ ಅಕ್ಷರದ ಉದ್ದನೆಯ ರೂಪವೊಂದು ಇತ್ತು. ಸ್ಕ್ಯಾನ್ ಮಾಡಿದ ಕಂಪ್ಯೂಟರ್ ಅದನ್ನು ಎಫ್ ಅಂತ ಓದುತ್ತದೆ. ಎಸ್ ಇರುವ ಪದ ಸಿಗದಿದ್ದರೆ ಅದರ ಜಾಗದಲ್ಲಿ ಎಫ್ ಹಾಕಿಯೂ ಹುಡುಕಿ. ತಮಾಷೆಯಾಗಿ ಕಂಡರೂ ಇದು ಕೆಲಸ ಮಾಡುತ್ತದೆ.

ಹಂತ 5: ಸಿಕ್ಕಿದ ಪುಟವನ್ನು ಪೂರ್ತಿ ಓದಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ.

ನ್ಯಾಶ್‌ನಿಂದ ಶುರು ಮಾಡಿ. ಅವನ 1599ರ ಪುಸ್ತಕದಲ್ಲಿ, ಬೇಟೆನಾಯಿಗಳನ್ನು ವಾಸನೆಯ ಕಡೆಗೆ ಎಳೆಯಲು ರೆಡ್ ಹೆರಿಂಗ್ ಚರ್ಮಕ್ಕೆ ಸಮನಾದದ್ದು ಇಲ್ಲ ಎಂಬ ಮಾತಿದೆ. ಆಹಾ, ಸಿಕ್ಕಿತು ಅನ್ನಿಸುತ್ತದೆ. ಆದರೆ ಇನ್ನೊಮ್ಮೆ ಓದಿ. ನಾಯಿಗಳನ್ನು ವಾಸನೆಯ *ಕಡೆಗೆ* ಎಳೆಯಲು ಅಂತಿದೆ, ದಾರಿ ತಪ್ಪಿಸಲು ಅಂತ ಇಲ್ಲ. ನಮ್ಮ ಅರ್ಥಕ್ಕೆ ಇದು ಪೂರ್ತಿ ಉಲ್ಟಾ.

ಎರಡನೆಯದು 17ನೇ ಶತಮಾನದ ಕೊನೆಯ ಭಾಗದ ಕುದುರೆ ಸವಾರಿಯ ಬರಹ, ಬರೆದವನು ಲ್ಯಾಂಗ್‌ಬೇನ್. ಸತ್ತ ಬೆಕ್ಕನ್ನೋ ನರಿಯನ್ನೋ, ಅದೂ ಸಿಗದಿದ್ದರೆ ರೆಡ್ ಹೆರಿಂಗ್ ಅನ್ನೋ ನೆಲದ ಮೇಲೆ ಎಳೆದುಕೊಂಡು ಹೋಗಿ, ನಾಯಿಗಳನ್ನು ಅದರ ಹಿಂದೆ ಬಿಡಿ ಅನ್ನುತ್ತಾನೆ. ಯಾಕೆ? ಬೇಟೆನಾಯಿಗಳ ಹಿಂದೆ ಓಡುವುದು *ಕುದುರೆಗೆ* ಅಭ್ಯಾಸವಾಗಲಿ ಅಂತ. ಮುಂದೆ ಯಾರೋ ಈ ಪುಟವನ್ನು ಅರ್ಧ ಓದಿ ‘ನಾಯಿಗಳಿಗೆ ತರಬೇತಿ’ ಅಂತ ಬರೆದರು. ಅದನ್ನೇ ಇನ್ನೊಬ್ಬರು ಎತ್ತಿಕೊಂಡರು. ನಮ್ಮ ಮೂರನೇ ಕಥೆ ಹೀಗೆ ಬೆಳೆಯಿತು. ದೊಡ್ಡ ದೊಡ್ಡ ನಿಘಂಟುಗಳೂ ಬಹಳ ಕಾಲ ಇದನ್ನೇ ನಂಬಿದ್ದವು.

ಇನ್ನು ಅಸಲಿ ಜಾಗ. 1807ರ ಫೆಬ್ರವರಿ 14ರ ‘ಪೊಲಿಟಿಕಲ್ ರಿಜಿಸ್ಟರ್’ ವಾರಪತ್ರಿಕೆ. ಅದರ ಸಂಪಾದಕ ವಿಲಿಯಂ ಕಾಬೆಟ್ ಸರ್ರೆ ಪ್ರಾಂತದ ಫಾರ್ನ್‌ಹ್ಯಾಮ್‌ನಲ್ಲಿ ಹುಟ್ಟಿದ ರೈತನ ಮಗ. ಬಾಯಿ ಬಲು ಜೋರು. ಸೈನ್ಯದಲ್ಲಿ ಛಡಿಯೇಟು ಕೊಡುವುದನ್ನು ಖಂಡಿಸಿ ಬರೆದದ್ದಕ್ಕೆ 1810ರಲ್ಲಿ ಎರಡು ವರ್ಷ ಜೈಲಿಗೂ ಹೋದ. ಅವನು ಬರೆದದ್ದು ಇದು: ನಾವು ಹುಡುಗರಾಗಿದ್ದಾಗ ಒಂದು ಮೊಲವನ್ನು ‘ಇದು ನಮ್ಮದು’ ಅಂತ ಗುರುತು ಮಾಡಿಕೊಳ್ಳುತ್ತಿದ್ದೆವು. ಬೇಟೆಗಾರರ ನಾಯಿಗಳು ಅದರ ಜಾಡು ಹಿಡಿಯಬಾರದು ಅಂತ ಬೆಳಗಾಗೆದ್ದು ಅದರ ಜಾಗಕ್ಕೆ ಹೋಗಿ, ದಾರಕ್ಕೆ ಕಟ್ಟಿದ ರೆಡ್ ಹೆರಿಂಗ್ ಅನ್ನು ಬೇಲಿ, ಹಳ್ಳ, ಹೊಲ, ಪೊದೆಗಳ ಮೇಲೆ ನಾಲ್ಕೈದು ಮೈಲಿ ಎಳೆದುಕೊಂಡು ಹೋಗುತ್ತಿದ್ದೆವು.

ಬಾಲ್ಯದ ನೆನಪು ಹೇಳಲು ಅವನು ಇದನ್ನು ಬರೆಯಲಿಲ್ಲ. ಆ ದಿನಗಳಲ್ಲಿ ನೆಪೋಲಿಯನ್ ಸೋತ ಎಂಬ ಸುದ್ದಿ ಹಬ್ಬಿತ್ತು. ಲಂಡನ್ನಿನ ಪತ್ರಿಕೆಗಳು ದೇಶದೊಳಗಿನ ಮುಖ್ಯ ವಿಷಯಗಳನ್ನು ಬಿಟ್ಟು ಅದರ ಹಿಂದೆಯೇ ಓಡಿದವು. ಆಮೇಲೆ ನೋಡಿದರೆ ಸುದ್ದಿ ಸುಳ್ಳು. ಇದು ರಾಜಕೀಯದ ರೆಡ್ ಹೆರಿಂಗ್, ಶನಿವಾರದ ಹೊತ್ತಿಗೆ ಇದರ ವಾಸನೆ ಕಲ್ಲಿನಂತೆ ತಣ್ಣಗಾಯಿತು ಅಂತ ಕಾಬೆಟ್ ಪತ್ರಿಕೆಯವರ ಕಾಲೆಳೆದ. ಇವತ್ತು ನಾವು ಬಳಸುವ ಅರ್ಥ ಇಲ್ಲಿ ಪೂರ್ತಿಯಾಗಿ ಇದೆ.

ಈ ಪುಟವನ್ನು ಮುಂದಕ್ಕೆ ತಂದವರು ಅಮೆರಿಕದ ಪದಮೂಲ ಸಂಶೋಧಕ ಜೆರಾಲ್ಡ್ ಕೋಹೆನ್ ಮತ್ತು ಅವರ ಜೊತೆಗಾರರು. ಇಂಗ್ಲೆಂಡಿನ ಮೈಕೆಲ್ ಕ್ವಿನಿಯನ್ ಅದನ್ನು ಜನರಿಗೆ ತಿಳಿಯುವ ಹಾಗೆ ಬರೆದರು. ಅವರೆಲ್ಲರ ಮಾತಿನ ಸಾರ ಇಷ್ಟು: ನಾಯಿಗಳಿಗೆ ಮೀನು ತೋರಿಸಿ ಮೋಸ ಮಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ನಿಜವಾಗಿ ಇತ್ತು ಅನ್ನಲು ಗಟ್ಟಿ ಆಧಾರವಿಲ್ಲ. ಕಾಬೆಟ್ ಹೇಳಿದ ಕಥೆಯೇ ಕಟ್ಟುಕಥೆ ಇರಬಹುದು. ಆದರೆ ಆ ಕಥೆಯಿಂದಲೇ ನುಡಿಗಟ್ಟು ಹಬ್ಬಿತು. ಎರಡೂ ಮಾತು ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ. 1816ರಲ್ಲಿ ಕಾಬೆಟ್ ಪತ್ರಿಕೆಯ ಅಗ್ಗದ ಆವೃತ್ತಿಯನ್ನು ಎರಡು ಪೆನ್ನಿ ಕಾಸಿಗೆ ಮಾರಲು ಶುರು ಮಾಡಿದ. ವಿರೋಧಿಗಳು ಅದನ್ನು ‘ಎರಡು ಪೆನ್ನಿಯ ಕಸ’ ಅಂತ ಹೀಗಳೆದರು, ಕೂಲಿಕಾರರು ಮಾತ್ರ ಕೊಂಡು ಓದಿದರು. ಇಷ್ಟು ಓದುಗರಿದ್ದ ಮನುಷ್ಯನ ಮಾತು ಜನರ ಬಾಯಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. 1833ರಲ್ಲಿ ಅದೇ ಮೀನಿನ ಕಥೆಯನ್ನು ಅವನು ಮತ್ತೊಮ್ಮೆ ಹೇಳಿದ.

ಮೀನು ಹಾಕಿದರೆ ನಾಯಿ ನಿಜಕ್ಕೂ ದಾರಿ ತಪ್ಪುತ್ತದಾ? ಅಮೆರಿಕದ ‘ಮಿತ್‌ಬಸ್ಟರ್ಸ್’ ಟಿವಿ ತಂಡ 2010ರಲ್ಲಿ ಇದನ್ನೂ ಪರೀಕ್ಷಿಸಿತು. ಜಾಡು ಹಿಡಿದು ಹೊರಟ ನಾಯಿ ನಡುವೆ ನಿಂತು ಮೀನು ತಿಂದಿತು. ತಿಂದು ಮುಗಿಸಿ, ಮತ್ತೆ ಜಾಡು ಹುಡುಕಿಕೊಂಡು ಹೋಗಿ ಅಡಗಿದ್ದವನನ್ನು ಹಿಡಿಯಿತು.

ಹಂತ 6: ಇದೇ ಕ್ರಮವನ್ನು ಬೇರೆ ನುಡಿಗಟ್ಟಿನ ಮೇಲೆ ಹಾಕಿ ನೋಡಿ

‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ತೆಗೆದುಕೊಳ್ಳಿ. ಧೋ ಅಂತ ಮಳೆ ಸುರಿಯುತ್ತಿದೆ ಎಂದು ಅರ್ಥ. ಹಿಂದೆ ಹುಲ್ಲಿನ ಮಾಡಿನಲ್ಲಿ ನಾಯಿ ಬೆಕ್ಕು ಮಲಗುತ್ತಿದ್ದವು, ಮಳೆ ಬಂದಾಗ ಜಾರಿ ಬೀಳುತ್ತಿದ್ದವು ಎಂಬ ಕಥೆಯನ್ನು ನೀವೂ ಓದಿರುತ್ತೀರಿ. ಇದು 1999ರಲ್ಲಿ ಹರಡಿದ ಒಂದು ಇಮೇಲ್‌ನಿಂದ ಜನಪ್ರಿಯವಾದ ಕಥೆ. ಅಷ್ಟಕ್ಕೂ ಮಳೆಗೆ ನೆನೆಯಬಾರದು ಅನ್ನುವ ನಾಯಿ ಮಾಡಿನ ಮೇಲೆ ಯಾಕೆ ಹತ್ತುತ್ತದೆ, ಅಲ್ವಾ? ಮುದ್ರಿತ ಬಳಕೆಗೆ ಬಂದರೆ, 1651ರಲ್ಲಿ ಕವಿ ಹೆನ್ರಿ ವಾನ್ ನಾಯಿ ಬೆಕ್ಕುಗಳ ಮಳೆಯ ಮಾತಾಡುತ್ತಾನೆ. ಈಗಿನ ರೂಪದಲ್ಲಿ 1738ರ ಜೋನಾಥನ್ ಸ್ವಿಫ್ಟ್ ಬರಹದಲ್ಲಿ ಸಿಗುತ್ತದೆ. ಯಾಕೆ ನಾಯಿ, ಯಾಕೆ ಬೆಕ್ಕು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ‘ಮೂಲ ಖಚಿತವಿಲ್ಲ’ ಅಂತ ಬರೆದುಕೊಳ್ಳಿ, ಅದೂ ಉತ್ತರವೇ.

‘ವೈಟ್ ಎಲಿಫೆಂಟ್’ ಕನ್ನಡದಲ್ಲಿ ಬಿಳಿಯಾನೆಯಾಗಿ ಪತ್ರಿಕೆಗಳಲ್ಲಿ ಓಡಾಡುತ್ತಿದೆ. ನಷ್ಟದ ನಿಗಮ, ಖಾಲಿ ಬಿದ್ದ ಸರ್ಕಾರಿ ಕಟ್ಟಡ, ಎಲ್ಲಕ್ಕೂ ಅದೇ. ಸಯಾಂ ರಾಜ ತನಗೆ ಆಗದವರಿಗೆ ಬಿಳಿಯಾನೆ ಕೊಟ್ಟು, ಸಾಕುವ ಖರ್ಚಿನಲ್ಲೇ ಅವರನ್ನು ಮುಳುಗಿಸುತ್ತಿದ್ದ ಎಂಬುದು ಕಥೆ. ಆದರೆ ಸಯಾಂ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ ಬಿಳಿಯಾನೆ ಪವಿತ್ರ, ರಾಜನ ಸೊತ್ತು. 1916ರವರೆಗೆ ದೇಶದ ಬಾವುಟದ ಮೇಲೇ ಅದರ ಚಿತ್ರವಿತ್ತು. ಅಂಥದ್ದನ್ನು ಆಗದವನಿಗೆ ದಾನ ಮಾಡುತ್ತಿದ್ದ ಅನ್ನುವವರ ಬಳಿ ನಮ್ಮ ಮೂರು ಪ್ರಶ್ನೆ ಕೇಳಿ ನೋಡಿ.

ಹಂತ 7: ಕನ್ನಡದಲ್ಲಿ ಬರೆಯುವಾಗ ಏನು ಹಾಕಬೇಕು?

ಅನುವಾದ ಮಾಡುವವರು ಇದನ್ನು ಜಾಸ್ತಿ ಕೇಳುತ್ತಾರೆ. ‘ಕೆಂಪು ಮೀನು’ ಅಂತ ಮಾತ್ರ ದಯವಿಟ್ಟು ಹಾಕಬೇಡಿ, ಓದುಗರು ಅಡುಗೆಮನೆ ಕಡೆ ನೋಡುತ್ತಾರೆ.

ವಾದದ ಸಂದರ್ಭವಾದರೆ ನಮ್ಮಲ್ಲಿ ‘ವಿಷಯಾಂತರ’ ಎಂಬ ಪದ ಬಳಕೆಯಲ್ಲೇ ಇದೆ. ‘ವಿಷಯಾಂತರ ಮಾಡಬೇಡಿ’ ಅಂದರೆ ಹಳ್ಳಿಯ ಪಂಚಾಯಿತಿಯಲ್ಲೂ ಅರ್ಥವಾಗುತ್ತದೆ. ಆದರೆ ಎಲ್ಲ ವಿಷಯಾಂತರವೂ ಬೇಕಂತಲೇ ಮಾಡಿದ್ದಲ್ಲ. ಬೇಕಂತಲೇ ಅನ್ನುವುದು ಮುಖ್ಯವಾಗಿದ್ದರೆ ‘ಮಾತು ಮರೆಸುವುದು’, ‘ಗಮನ ಬೇರೆಡೆ ಸೆಳೆಯುವ ತಂತ್ರ’ ಅನ್ನಿ. ‘ಕಣ್ಣಿಗೆ ಮಣ್ಣೆರಚುವುದು’ ಬೇಡ, ಅದು ನೇರ ಮೋಸದ ಮಾತು. ಶಾಸ್ತ್ರದ ಪದವೇ ಬೇಕು ಅನ್ನುವವರಿಗೆ ಗೌತಮನ ನ್ಯಾಯಸೂತ್ರದಲ್ಲಿ ಒಂದಿದೆ. ವಾದದಲ್ಲಿ ಸೋಲು ಎಂದು ಎಣಿಸುವ 22 ತಪ್ಪುಗಳನ್ನು ಅಲ್ಲಿ ನಿಗ್ರಹಸ್ಥಾನ ಅನ್ನುತ್ತಾರೆ. ಅವುಗಳಲ್ಲಿ ಒಂದು ಅರ್ಥಾಂತರ, ಅಂದರೆ ಎತ್ತಿಕೊಂಡ ವಿಷಯ ಬಿಟ್ಟು ಸಂಬಂಧವಿಲ್ಲದ್ದನ್ನು ಹೇಳುವುದು. ತರ್ಕದ ಪಾಠದಲ್ಲಿ ಇದನ್ನು ಬಳಸಬಹುದು, ದಿನಪತ್ರಿಕೆಯಲ್ಲಿ ಬಳಸಿದರೆ ಯಾರಿಗೂ ತಿಳಿಯುವುದಿಲ್ಲ.

ಪತ್ತೇದಾರಿ ಕಥೆಯಲ್ಲಿ ‘ದಾರಿ ತಪ್ಪಿಸುವ ಸುಳಿವು’ ಸಲೀಸಾಗಿ ಕೂರುತ್ತದೆ. ಪಾತ್ರದ ಬಗ್ಗೆ ಹೇಳುವಾಗ ಅದು ಹೊಂದುವುದಿಲ್ಲ, ಆಗ ವಾಕ್ಯವನ್ನೇ ಬದಲಿಸಿ: ‘ಅನುಮಾನ ತೋಟದ ಮಾಲಿಯ ಮೇಲೆ ಹೋಗಲಿ ಅಂತಲೇ ಲೇಖಕಿ ಅವನನ್ನು ತಂದಿದ್ದಾರೆ’.

ಷೇರುಪೇಟೆಯ ದಾಖಲೆಯನ್ನು ಅನುವಾದಿಸಲು ಹೋಗಬೇಡಿ. ಅದು ಕಾಯ್ದೆಯಲ್ಲಿರುವ ಹೆಸರು. ‘ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್’ ಎಂದೇ ಬರೆದು, ಮೊದಲ ಸಲ ಬಂದಾಗ ಪಕ್ಕದಲ್ಲೇ ‘ಅಂತಿಮ ಬೆಲೆ ನಮೂದಿಸದ ಮಾಹಿತಿ ಪತ್ರ’ ಅಂತ ವಿವರಿಸಿ.